ಕಾರ್ಡಿನಲ್ಲಿ ಅಸೋಸಿಯೇಟ್, ಕೈಯಲ್ಲಿ ಮಾಪು

ಪ್ರಶ್ನೆ: ನಮ್ಮಮ್ಮ ಬೆಂಗಳೂರಿನ ಟೆಕ್ ಪಾರ್ಕೊಂದರಲ್ಲಿ ಕ್ಲೀನಿಂಗ್ ಕೆಲಸ ಮಾಡುತ್ತಾರೆ. ಕಾರ್ಡಿನಲ್ಲಿ 'ಹೌಸ್‌ಕೀಪಿಂಗ್ ಅಸೋಸಿಯೇಟ್' ಅಂತಿದೆ. ಊರಿಗೆ ಹೋದರೆ 'ಪೌರಕಾರ್ಮಿಕರಾ?' ಎಂದು ಕೇಳುತ್ತಾರೆ. ಈಗ ಐಟಿಐ ಮುಗಿಸಿದ ತಮ್ಮನಿಗೆ ಅಪಾರ್ಟ್‌ಮೆಂಟಿನಲ್ಲಿ 'ಎಂಎಸ್‌ಟಿ' ಕೆಲಸ ಸಿಕ್ಕಿದೆ. ಇವೆಲ್ಲ ಒಂದೇನಾ?
– ಓದುಗರೊಬ್ಬರು, ತುಮಕೂರು

ಉತ್ತರ: ಒಂದೇ ಅಲ್ಲ. ಪೌರಕಾರ್ಮಿಕರು ಅಂದರೆ ಪಾಲಿಕೆಗೋ ಪುರಸಭೆಗೋ ಬೀದಿ ಗುಡಿಸುವವರು. ಕಟ್ಟಡದೊಳಗೆ ಏಜೆನ್ಸಿ ಕಡೆಯಿಂದ ಮಾಡುವುದು ಹೌಸ್‌ಕೀಪಿಂಗ್. 'ಅಸೋಸಿಯೇಟ್' ಸುಮ್ನೆ ಬಾಲಂಗೋಚಿ, ಅದಕ್ಕಂತ ಸಂಬಳದಲ್ಲಿ ಒಂದು ರೂಪಾಯಿಯೂ ಜಾಸ್ತಿ ಆಗುವುದಿಲ್ಲ.

ಹಾಗಂತ ಬರೀ ಒರೆಸುವ ಕೆಲಸ ಅಂದುಕೊಳ್ಳಬೇಡಿ. ಕ್ಲೀನಿಂಗ್ ಲಿಕ್ವಿಡ್‌ಗಳ ನಂಬರ್ ಅಮ್ಮನನ್ನೇ ಕೇಳಿ, ಆರ್-2 ನೆಲಕ್ಕೆ, ಆರ್-3 ಗಾಜಿಗೆ, ಆರ್-6 ಕಮೋಡಿಗೆ ಅಂತ ಪಟಪಟ ಹೇಳಿಯಾರು. ಟಾಯ್ಲೆಟ್ಟಿನ ಕೆಂಪು ಬಟ್ಟೆ ಟೇಬಲ್ ಹತ್ತಿರವೂ ಸುಳಿಯುವಂತಿಲ್ಲ. ಬಾಗಿಲ ಹಿಂದಿನ ಚಾರ್ಟಿನಲ್ಲಿ ಗಂಟೆಗೊಂದು ಸಹಿ ಬೇರೆ. ಆ ಸಹಿ ನೋಡಿ ಗದರುವವರೇ ಸೂಪರ್‌ವೈಸರ್!

ಎಂಎಸ್‌ಟಿ ಅಂದರೆ ಮಲ್ಟಿ ಸ್ಕಿಲ್ಡ್ ಟೆಕ್ನಿಷಿಯನ್. ನಲ್ಲಿ ಸೋರಿದರೂ, ಟ್ಯೂಬ್‌ಲೈಟ್ ಹೋದರೂ, ಚಿಲಕ ಕಿತ್ತುಬಂದರೂ ಅವನಿಗೇ ಫೋನು. ಮೂರು ಜನರ ಕೆಲಸಕ್ಕೆ ಒಬ್ಬರ ಸಂಬಳ ಕೊಟ್ಟು ಮುಗಿಸುವ ಉಪಾಯ ಇದು ಅಂತ ನನಗೆ ಅನಿಸುತ್ತದೆ. ಆದರೂ ಶುರುವಿಗೆ ಕೆಟ್ಟದ್ದೇನಲ್ಲ, ಮುಂದೆ ವೈರ್‌ಮನ್ ಪರ್ಮಿಟ್ ಮಾಡಿಸಿಕೊಂಡರೆ ಎಲೆಕ್ಟ್ರಿಷಿಯನ್ ಅಂತಲೇ ಹೋಗಬಹುದು.

ಯಾವುದು ದೊಡ್ಡದು ಅನ್ನುವುದು ಕಾರ್ಡಿನಲ್ಲಿ ಗೊತ್ತಾಗುವುದಿಲ್ಲ, ಸಂಬಳದ ಚೀಟಿ ನೋಡಬೇಕು. ಕನಿಷ್ಠ ವೇತನಕ್ಕೆ ಅಕುಶಲ, ಅರೆಕುಶಲ, ಕುಶಲ, ಅತಿಕುಶಲ ಅಂತ ದರ್ಜೆಗಳಿವೆ. ಐಟಿಐ ಹುಡುಗನನ್ನು ರಿಪೇರಿ ಕೆಲಸಕ್ಕೆ ತೆಗೆದುಕೊಂಡು ಅಕುಶಲಕ್ಕೆ ತಳ್ಳಿದ್ದರೆ ಸೇರುವ ಮೊದಲೇ ಕೇಳಲಿ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ, ಅಂದರೆ ಕಾರ್ಮಿಕರ ಆರೋಗ್ಯ ವಿಮೆ ಇದೆ. ಅದಕ್ಕೆ ಕೆಲಸಗಾರರ ಪಾಲು ಶೇ. 0.75, ಮಾಲೀಕರದ್ದು ಶೇ. 3.25. ಎರಡನ್ನೂ ಕೆಲಸಗಾರರಿಂದಲೇ ಕತ್ತರಿಸುವ ಜಾಣರೂ ಇದ್ದಾರೆ. ಅಮ್ಮನ ಚೀಟಿಯನ್ನೂ ಒಮ್ಮೆ ಲೆಕ್ಕ ಹಾಕಿ ನೋಡಿ.

ನೀವು ಕೇಳದ ಒಂದು ವಿಷಯ ಇದೆ, ತಮ್ಮನಿಗೆ ಹೇಳಿ. ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಕೊಳಚೆ ನೀರು ಶುದ್ಧ ಮಾಡುವ ಘಟಕ, ಎಸ್‌ಟಿಪಿ, ಇರುತ್ತದೆ, ಅದನ್ನು ನೋಡಿಕೊಳ್ಳುವ ಆಪರೇಟರ್ ಬೇರೆ. ಆತ ರಜೆ ಹಾಕಿದ ದಿನ ಯಾರಾದರೂ 'ನೀನು ಮಲ್ಟಿ ಸ್ಕಿಲ್ ಅಲ್ವಾ, ಸ್ವಲ್ಪ ಟ್ಯಾಂಕಿಗೆ ಇಳಿದು ನೋಡು' ಅಂದರೆ ಖಂಡಿತ ಇಳಿಯಬಾರದು. ಒಳಗೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ತುಂಬಿರಬಹುದು. ಮೊದಲು ಕೊಳೆತ ಮೊಟ್ಟೆಯ ವಾಸನೆ, ಜಾಸ್ತಿಯಾದರೆ ಮೂಗಿಗೆ ಅದೂ ತಿಳಿಯುವುದಿಲ್ಲ, ಕಾಪಾಡಲು ಇಳಿದವರೂ ಅಲ್ಲೇ ಬೀಳುತ್ತಾರೆ. ಸುರಕ್ಷತೆಯ ಸಲಕರಣೆ ಕೊಡದೆ ಸೆಪ್ಟಿಕ್ ಟ್ಯಾಂಕಿಗೋ ಒಳಚರಂಡಿಗೋ ಜನರನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧ, ಇಳಿಸಿದವರಿಗೆ ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲಾಗಬಹುದು. ಕೆಲಸ ಹೋಗುತ್ತೆ ಅಂತ ಹೆದರಿಸಿದರೂ 'ಸಕ್ಕಿಂಗ್ ಗಾಡಿ ಕರೆಸಿ ಸಾರ್' ಅಂತ ಹೇಳಿ ಮೇಲೆಯೇ ನಿಲ್ಲಲಿ.