ಮತ್ತೆ ಮತ್ತೆ ಹೇಳಿದರೂ ಸವೆಯದ ಮಾತು

ಪ್ರಶ್ನೆ: ‘ದಿ ಪ್ರಿನ್ಸೆಸ್ ಬ್ರೈಡ್’ ಸಿನಿಮಾದ ಡೈಲಾಗ್‌ಗಳನ್ನು ಜನ ಇವತ್ತಿಗೂ ಹೇಳುತ್ತಲೇ ಇರುತ್ತಾರೆ. ಮೊನ್ನೆ ನಾನೂ ನೋಡಿದೆ. ಸಿನಿಮಾ ಚೆನ್ನಾಗಿದೆ, ಆದರೆ ಹೇಳಿದ್ದನ್ನೇ ಹೇಳುತ್ತಾರೆ ಅನ್ನಿಸಿತು. ಅದರಲ್ಲಿ ಅಂಥದ್ದೇನಿದೆ?

ಉತ್ತರ: ಹೇಳಿದ್ದನ್ನೇ ಹೇಳುತ್ತಾರೆ ಅಂದಿರಲ್ಲ, ಗುಟ್ಟು ಇರುವುದೇ ಅಲ್ಲಿ! ವೆಸ್ಲಿ ಅನ್ನೋ ಆಳು ಹುಡುಗನನ್ನೇ ನೋಡಿ. ಒಡತಿ ಬಟರ್‌ಕಪ್ ಏನು ಕೆಲಸ ಹೇಳಿದರೂ ಅವನದು ಒಂದೇ ಉತ್ತರ, ‘ನಿಮ್ಮ ಅಪ್ಪಣೆ.’ ಅವನು ಹಾಗೆ ಅನ್ನುವಾಗಲೆಲ್ಲ ‘ನಿನ್ನನ್ನು ಪ್ರೀತಿಸುತ್ತೇನೆ’ ಅಂತಲೇ ಹೇಳುತ್ತಿದ್ದ ಎಂದು ಅವಳಿಗೆ ನಿಧಾನವಾಗಿ ಹೊಳೆಯುತ್ತದೆ. ಮುಂದೆ ಅವನು ಸತ್ತ ಅಂತ ಸುದ್ದಿ ಬಂದು, ವರ್ಷಗಳು ಕಳೆದು, ಮುಖವಾಡ ಹಾಕಿದ ಒಬ್ಬ ಕಡಲ್ಗಳ್ಳ ಎದುರಾದಾಗ ‘ನೀನೂ ಸಾಯಿ’ ಅಂತ ಅವಳು ಅವನನ್ನು ಗುಡ್ಡದಿಂದ ತಳ್ಳುತ್ತಾಳೆ. ಅವನು ಉರುಳುತ್ತಾ ಕೂಗುವುದು ಅದೇ ಮಾತು. ಮುಖ ಕಾಣದಿದ್ದರೇನು, ಮಾತಿನಿಂದಲೇ ಗುರುತು ಸಿಕ್ಕಿತು. ಅವಳೂ ಹಿಂದೆಯೇ ಉರುಳುತ್ತಾಳೆ. ನಗು ಬರುತ್ತದೆ, ಎದೆ ತುಂಬಿಯೂ ಬರುತ್ತದೆ.

ಆಮೇಲೆ ಇನ್ನೊಂದು ಸಲ ಬರುತ್ತದೆ, ನೀವು ಗಮನಿಸಿರಬಹುದು. ಈ ಕಥೆಯನ್ನೆಲ್ಲ ಒಬ್ಬ ತಾತ ಕಾಯಿಲೆ ಬಿದ್ದ ಮೊಮ್ಮಗನಿಗೆ ಓದಿ ಹೇಳುತ್ತಿದ್ದಾನೆ ತಾನೇ? ಮೊದಲು ಮುತ್ತಿನ ಸೀನ್ ಬಂದರೆ ಮುಖ ಸಿಂಡರಿಸುತ್ತಿದ್ದ ಹುಡುಗ ಕೊನೆಗೆ, ನಾಳೆ ಬಂದು ಮತ್ತೆ ಓದುತ್ತೀಯಾ ಅಂತ ಕೇಳುತ್ತಾನೆ. ತಾತ ಬಾಗಿಲ ಹತ್ತಿರ ನಿಂತು ‘ನಿಮ್ಮ ಅಪ್ಪಣೆ’ ಅನ್ನುತ್ತಾನೆ. ಅಷ್ಟೇ. ಆಳು ಹುಡುಗ ಒಡತಿಗೆ ಹೇಳಿದ ಮಾತು ತಾತನಿಂದ ಮೊಮ್ಮಗನಿಗೆ ಬಂತು, ಅರ್ಥವೂ ಜೊತೆಗೇ ಬಂತು. ಯಾರೂ ಬಿಡಿಸಿ ಹೇಳಲಿಲ್ಲ.

ಸಿನಿಮಾ ಬಂದಿದ್ದು 1987ರಲ್ಲಿ, ನಿರ್ದೇಶನ ರಾಬ್ ರೈನರ್ ಅವರದು. ವಿಲಿಯಂ ಗೋಲ್ಡ್‌ಮನ್ 1973ರಲ್ಲಿ ಬರೆದ ತಮ್ಮದೇ ಕಾದಂಬರಿಯಿಂದ ಚಿತ್ರಕಥೆ ಮಾಡಿಕೊಟ್ಟರು. ಥಿಯೇಟರ್‌ನಲ್ಲಿ ಸುಮಾರಾಗಿ ಓಡಿತು, ನಿಜವಾದ ಹೆಸರು ಬಂದಿದ್ದು ವಿಡಿಯೋ ಕ್ಯಾಸೆಟ್‌ನಿಂದ. ಮನೆಯಲ್ಲಿ ಹಾಕಿ ಹಾಕಿ ನೋಡಿದ ಮಕ್ಕಳಿಗೆ ಮಾತುಗಳು ಬಾಯಿಪಾಠವಾದವು. 2016ರಲ್ಲಿ ಕಾಪಾಡಿಡಬೇಕಾದ ಸಿನಿಮಾಗಳ ಅಮೆರಿಕದ ರಾಷ್ಟ್ರೀಯ ಪಟ್ಟಿಗೂ ಇದು ಸೇರಿತು.

ಪ್ರಶ್ನೆ: ಅಪ್ಪನ ಸಾವಿಗೆ ಸೇಡು ತೀರಿಸಿಕೊಳ್ಳಲು ಹೊರಟ ಕತ್ತಿವರಸೆಗಾರ ಇನಿಗೋ ಮೊಂಟೋಯಾ ಅದೇ ವಾಕ್ಯವನ್ನು ಅಷ್ಟು ಸಲ ಹೇಳುವಾಗ ನನಗ್ಯಾಕೋ ಅಳು ಬಂತು. ಕಾಮಿಡಿ ಸಿನಿಮಾ ನೋಡಿ ಅಳುವುದು ವಿಚಿತ್ರ ಅಲ್ವಾ?

ಉತ್ತರ: ಖಂಡಿತ ಇಲ್ಲ, ನನಗೂ ಪ್ರತಿ ಸಲ ಅದೇ ಆಗುತ್ತದೆ. ‘ನಮಸ್ಕಾರ. ನನ್ನ ಹೆಸರು ಇನಿಗೋ ಮೊಂಟೋಯಾ. ನನ್ನಪ್ಪನನ್ನು ಕೊಂದವನು ನೀನು. ಸಾಯೋಕೆ ಸಿದ್ಧನಾಗು.’ ಇದನ್ನು ನಾವು ಮೊದಲು ಕೇಳುವುದು ಬಂಡೆಯ ಮೇಲೆ, ಕತ್ತಿ ವರಸೆ ಶುರುವಾಗುವ ಮುಂಚೆ. ಅಪ್ಪನನ್ನು ಕೊಂದ ಆರು ಬೆರಳಿನವನು ಸಿಕ್ಕಾಗ ಹೀಗೆ ಹೇಳುತ್ತೇನೆ ಅಂತ ಅವನು ಎದುರಾಳಿಗೇ, ಅಂದರೆ ಆ ಮುಖವಾಡದವನಿಗೇ ವಿವರಿಸುತ್ತಾನೆ. 20 ವರ್ಷದಿಂದ ಮನಸ್ಸಿನಲ್ಲೇ ಉರು ಹೊಡೆದ ಮಾತು. ಆಗ ತಮಾಷೆ ಅನ್ನಿಸುತ್ತದೆ.

ಕೊನೆಗೆ ಆ ಆರು ಬೆರಳಿನವನು, ಕೌಂಟ್ ರೂಗನ್, ಸಿಕ್ಕೇಬಿಡುತ್ತಾನೆ. ಇವನು ಮಾತು ಮುಗಿಸುತ್ತಾನೆ, ಅವನು ತಿರುಗಿ ಓಟ ಕೀಳುತ್ತಾನೆ! ಓಡಿ, ಅಡಗಿ, ಹೊಟ್ಟೆಗೆ ಚೂರಿ ಎಸೆಯುತ್ತಾನೆ. ಇನಿಗೋ ಗೋಡೆಗೆ ಒರಗಿ ಕುಸಿಯುತ್ತಾನೆ. ಮುಂದಿನದ್ದನ್ನು ಇನ್ನೊಮ್ಮೆ ನಿಧಾನವಾಗಿ ನೋಡಿ. ಮೊದಲು ಬಾಯಿಂದ ಸ್ವರವೇ ಹೊರಡುವುದಿಲ್ಲ, ಗೊಣಗಿದ ಹಾಗೆ ಅದೇ ಮಾತು. ಒಂದು ಹೆಜ್ಜೆ ಮುಂದಿಡುತ್ತಾನೆ, ಮತ್ತೆ ಅದೇ ಮಾತು, ಸ್ವಲ್ಪ ಜೋರಾಗಿ. ಇನ್ನೂ ಜೋರಾಗಿ. ಹೇಳುತ್ತಾ ಹೇಳುತ್ತಾ ಕೈಗೆ ಬಲ ಬರುತ್ತದೆ, ರೂಗನ್ ‘ನಿಲ್ಲಿಸು ಅದನ್ನ!’ ಅಂತ ಕಿರುಚುತ್ತಾನೆ. ಆಮೇಲೆ ಇನಿಗೋ ಪಾಠ ಬದಲಿಸುತ್ತಾನೆ. ದುಡ್ಡು ಕೊಡ್ತೀಯಾ, ಅಧಿಕಾರ ಕೊಡ್ತೀಯಾ, ಕೇಳಿದ್ದೆಲ್ಲ ಕೊಡ್ತೀಯಾ ಅಂತ ಕೇಳುತ್ತಾನೆ. ಅವನು ಏನು ಬೇಕಾದರೂ ಕೊಡ್ತೀನಿ ಅಂದಾಗ ಕತ್ತಿ ಇರಿದು, ನನಗೆ ನನ್ನಪ್ಪ ಬೇಕು ಅನ್ನುತ್ತಾನೆ. ಅಷ್ಟು ವರ್ಷ ಉರು ಹೊಡೆದ ಮಾತಿನಲ್ಲಿ ಇದಿರಲಿಲ್ಲ.

ಆ ಪಾತ್ರ ಮಾಡಿದ ಮ್ಯಾಂಡಿ ಪಟಿಂಕಿನ್ ಅವರ ತಂದೆ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ರೂಗನ್‌ನನ್ನು ಕೊಲ್ಲುವಾಗ ಆ ಕ್ಯಾನ್ಸರ್ ಅನ್ನೇ ಕೊಲ್ಲುತ್ತಿದ್ದೇನೆ ಅಂದುಕೊಂಡೆ ಎಂದು ಅವರೇ ಹೇಳಿಕೊಂಡಿದ್ದಾರೆ. ಕತ್ತಿ ವರಸೆಯನ್ನೂ ತಿಂಗಳುಗಟ್ಟಲೆ ಕಲಿತು, ಬಹುತೇಕ ತಾವೇ ಮಾಡಿದರು. ನೀವು ಅತ್ತಿದ್ದು ಸರಿಯಾದ ಜಾಗದಲ್ಲೇ.

ಪ್ರಶ್ನೆ: ಮಕ್ಕಳಿಗಾಗಿ ಒಂದು ರಾಜಕುಮಾರಿ ಕಥೆಯ ನಾಟಕ ಬರೆಯುತ್ತಿದ್ದೇನೆ. ಇಂಥ ನೆನಪಿನಲ್ಲಿ ಉಳಿಯುವ ಡೈಲಾಗ್ ಬರೆಯುವುದು ಹೇಗೆ?

ಉತ್ತರ: ದೊಡ್ಡ ಡೈಲಾಗ್ ಬರೆಯೋಕೆ ಹೋಗಬೇಡಿ. ಚಿಕ್ಕದೊಂದು ಮಾತು ಸಾಕು, ಆದರೆ ಅದು ಒಂದೇ ಪಾತ್ರದ್ದಾಗಿರಲಿ. ಬೇರೆಯವರು ಹೇಳಿದರೆ ಹೊಂದಬಾರದು. ಮೊದಲ ಸಲ ಸುಮ್ನೆ ಹೇಳಿಸಿ, ಎರಡನೇ ಸಲ ನಗು ಬರುವ ಕಡೆ ಇಡಿ, ಆಮೇಲೆ ಬಹಳ ಹೊತ್ತು ಮುಟ್ಟಬೇಡಿ. ಕಥೆ ಬಿಗಿಯಾದಾಗ ಅದನ್ನು ವಾಪಸ್ ತನ್ನಿ. ನಟರಿಗೆ ಒಂದು ಮಾತು ಖಡಾಖಂಡಿತವಾಗಿ ಹೇಳಿಬಿಡಿ, ಜೋಕ್ ಹೇಳುತ್ತಿದ್ದೇವೆ ಅಂತ ಮುಖದಲ್ಲಿ ತೋರಿಸಲೇಬಾರದು. ಬಂಡೆಯ ಮೇಲಿನ ಆ ವರಸೆಯಲ್ಲಿ ಇಬ್ಬರೂ ಎಡಗೈಯಲ್ಲೇ ಕಾದಾಡಿ, ಒಬ್ಬ ‘ನಾನು ಎಡಚನಲ್ಲ’ ಅಂತ ಕೈ ಬದಲಿಸಿದರೆ, ಸ್ವಲ್ಪ ಹೊತ್ತಿಗೆ ಇನ್ನೊಬ್ಬ ‘ನಾನೂ ಅಲ್ಲ’ ಅಂತಾನಲ್ಲ, ಇಬ್ಬರೂ ಎಷ್ಟು ಮರ್ಯಾದೆಯಿಂದ ಹೇಳುತ್ತಾರೆ ನೋಡಿ! ರಿಹರ್ಸಲ್‌ಗೆ ಮುಂಚೆ ಮಕ್ಕಳಿಗೆ ಆ ಸೀನ್ ಒಂದನ್ನು ತೋರಿಸಿ.