ಪ್ರತಿಕ್ರಿಯೆ: ಟ್ರಸ್ಟ್ ಆಸ್ಪತ್ರೆಗೂ ಆಂತರಿಕ ಸಮಿತಿ ಕಡ್ಡಾಯ
ಹಿರಿಯ ವೈದ್ಯರ ಅಸಭ್ಯ ವರ್ತನೆಯನ್ನು ನೀವು ತಿಳಿಸಿದಾಗ ಬೀದರ್‌ನ ನಿಮ್ಮ ಆಸ್ಪತ್ರೆಯವರು ‘ನಮ್ಮದು ಸೇವಾ ಸಂಸ್ಥೆ, ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಬೇಕಿಲ್ಲ’ ಎಂದದ್ದಕ್ಕೆ, ಟ್ರಸ್ಟ್‌ಗಳಿಗೆ ಕಾನೂನು ಅನ್ವಯಿಸದೆಂಬ ತಪ್ಪು ತಿಳಿವಳಿಕೆಯೇ ಬಹುಶಃ ಕಾರಣ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯು ಟ್ರಸ್ಟ್‌ಗಳನ್ನೂ ಆಸ್ಪತ್ರೆಗಳನ್ನೂ ಹೆಸರಿಸಿಯೇ ಒಳಗೊಂಡಿದೆ. 10 ಅಥವಾ ಹೆಚ್ಚು ಮಂದಿ ನೌಕರರಿದ್ದರೆ ಆಂತರಿಕ ಸಮಿತಿ ಕಡ್ಡಾಯ, ಗುತ್ತಿಗೆ ನರ್ಸ್‌ಗೂ ಅದೇ ರಕ್ಷಣೆ.

ಕೊನೆಯ ಘಟನೆಯಿಂದ 3 ತಿಂಗಳು ಮೀರುವ ಮುನ್ನ ದಿನಾಂಕ, ಪಾಳಿ, ವಾರ್ಡ್ ಸಹಿತ ದೂರು ಬರೆದು ಆಸ್ಪತ್ರೆಗೆ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಕಲಬುರಗಿಯಲ್ಲಿ ನನ್ನ ಸಹೋದ್ಯೋಗಿಯೊಬ್ಬರಿಗೆ ನೆರವಾದಾಗ, ಘಟನೆಯ ರಾತ್ರಿ ಅವರೂ ಆರೋಪಿಯೂ ಒಂದೇ ವಾರ್ಡಿನಲ್ಲಿದ್ದುದನ್ನು ಸಾಬೀತುಪಡಿಸಿದ್ದು ಡ್ಯೂಟಿ ಪಟ್ಟಿಯ ಒಂದು ಮೊಬೈಲ್ ಫೋಟೊ. ನೀವೂ ಇಂದೇ ತೆಗೆದಿಡಿ. ಆಸ್ಪತ್ರೆಯವರು ದೂರು ಸ್ವೀಕರಿಸದಿದ್ದರೆ, ಸಮಿತಿಯೇ ಇಲ್ಲವೆಂದು ನಮೂದಿಸಿ ಇದೇ ಕಾಯ್ದೆಯಡಿ ಜಿಲ್ಲೆಯಲ್ಲಿರುವ ಸ್ಥಳೀಯ ಸಮಿತಿಗೆ ಸಲ್ಲಿಸಿ. ವಿಚಾರಣೆ ಮುಗಿಯುವವರೆಗೆ ನಿಮ್ಮ ಬದಲು ಆ ವೈದ್ಯರನ್ನೇ ಬೇರೆಡೆಗೆ ವರ್ಗಾಯಿಸುವಂತೆ ಅದರಲ್ಲೇ ಕೋರಬಹುದು.