ಹಾರ್ಟ್ ಫೇಲ್ಯೂರ್ ಆಗಿ ತುಂಬಾ ಸೊರಗಿರುವ ಅಮ್ಮನಿಗೆ ಮನೆಯಲ್ಲೇ ವ್ಯಾಯಾಮ ಮಾಡಿಸಬಹುದಾ?

ನಿಮ್ಮ ಪ್ರಶ್ನೆ ಓದಿದೆ. ಅಮ್ಮನಿಗೆ 74 ವರ್ಷ, ಹೃದಯ ರಕ್ತ ಪಂಪ್ ಮಾಡುವ ಶಕ್ತಿ (ಪಂಪಿಂಗ್) ಶೇ. 30 ಅಂತ ಡಾಕ್ಟರ್ ಅಂದಿದ್ದಾರೆ, ಡಿಸ್ಚಾರ್ಜ್ ಆಗಿ ಮೂರು ವಾರ. ಬಚ್ಚಲುಮನೆಗೆ ಹೋಗಿ ಬರುವಷ್ಟರಲ್ಲೇ ಸುಸ್ತು. ರಿಹ್ಯಾಬ್ (ವ್ಯಾಯಾಮ ಮಾಡಿಸಿ ಚೇತರಿಸುವ ಚಿಕಿತ್ಸೆ) ಇರುವ ಆಸ್ಪತ್ರೆ 70 ಕಿ.ಮೀ. ದೂರ. ಸ್ಮಾರ್ಟ್ ವಾಚ್ ಕೊಡಿಸಿದರೆ ಮನೆಯಲ್ಲೇ ಮಾಡಿಸಬಹುದಾ ಅಂತ ಕೇಳಿದ್ದೀರಿ.

ನಾನು ಫಿಸಿಯೋಥೆರಪಿಸ್ಟ್. ಇಂಥ ಹಿರಿಯರಿಗೆ ವಿಡಿಯೋ ಕಾಲ್‌ನಲ್ಲಿ ವ್ಯಾಯಾಮ ಮಾಡಿಸುತ್ತೇನೆ. ಅವರ ಹೃದಯದ ಡಾಕ್ಟರ್ ಒಪ್ಪಿದರೆ ಮನೆಯಲ್ಲೇ ಮಾಡಿಸಬಹುದು. ಆದರೆ ವಾಚ್ ಈಗಲೇ ತರಬೇಡಿ. ಆ ದುಡ್ಡಿನಲ್ಲಿ ಒಂದು ಡಿಜಿಟಲ್ ತೂಕದ ಮೆಷಿನ್, ತೋಳಿಗೆ ಕಟ್ಟುವ ಬಿಪಿ ಮೆಷಿನ್, ಫೋನ್ ನಿಲ್ಲಿಸೋಕೆ ಒಂದು ಸ್ಟ್ಯಾಂಡ್ ತನ್ನಿ.

ಯಾಕೆ ಅಂದರೆ, ಅಮ್ಮ ಬಹುಶಃ ಮೆಟೊಪ್ರೊಲಾಲ್, ಬೈಸೊಪ್ರೊಲಾಲ್ ಅಥವಾ ಕಾರ್ವೆಡಿಲಾಲ್ ತಗೋತಿರುತ್ತಾರೆ. ಚೀಟಿ ನೋಡಿ. ಈ ಮಾತ್ರೆಗಳು ಹೃದಯದ ಬಡಿತ ಜಾಸ್ತಿ ಏರದ ಹಾಗೆ ಹಿಡಿದಿಡುತ್ತವೆ. ಅವರು ಏದುಸಿರು ಬಿಡುತ್ತಿದ್ದರೂ ವಾಚ್ 80 ಅಂತಲೇ ತೋರಿಸಬಹುದು. ಬಡಿತ ಏರುಪೇರು ಇರುವವರಲ್ಲಿ ವಾಚ್‌ನ ಲೆಕ್ಕವೇ ತಪ್ಪುವುದೂ ಉಂಟು. ಅದರ ಬದಲು ನಡೆಸುವಾಗ ಮಾತಾಡಿಸಿ. ಪಕ್ಕದ ಮನೆ ಸುದ್ದಿ ಕೇಳಿ. ಒಂದು ವಾಕ್ಯ ಪೂರ್ತಿ ಹೇಳೋಕೆ ಆಗಬೇಕು, ದೇವರನಾಮ ಹಾಡುವಷ್ಟು ಉಸಿರು ಉಳಿದಿರಬಾರದು. ವೇಗ ಅಷ್ಟು ಸಾಕು. ಮಧ್ಯದಲ್ಲಿ ಮಾತು ತುಂಡಾದರೆ ಕೂರಿಸಿ.

ತಂತ್ರಜ್ಞಾನ ನಿಜವಾಗಿ ಬೇಕಾಗುವುದು ವ್ಯಾಯಾಮ ಶುರುವಾಗುವ ಮೊದಲಿನ ಐದು ನಿಮಿಷದಲ್ಲಿ. ಇದನ್ನು ನಾನು ಕಲಿತದ್ದು ಪೋಲೆಂಡಿನವರ ಒಂದು ಅಧ್ಯಯನದಿಂದ. ಟೆಲಿರಿಹ್ಯಾಬ್, ಅಂದರೆ ದೂರದಿಂದಲೇ ಫೋನ್ ಮೂಲಕ ಮಾಡಿಸುವ ರಿಹ್ಯಾಬ್ ಬಗ್ಗೆ 850 ಜನರ ಮೇಲೆ ನಡೆದ ಅದರ ಫಲಿತಾಂಶ 2020ರಲ್ಲಿ ಬಂತು. ಅಲ್ಲಿ ರೋಗಿ ಮನೆಯಲ್ಲಿ ನಡೆಯೋಕೆ ಹೊರಡುವ ಮೊದಲು ಸುಸ್ತು, ಉಸಿರು, ತೂಕ, ಬಿಪಿ, ಮಾತ್ರೆ ಎಲ್ಲ ಹೇಳಬೇಕು. ಫೋನ್ ಮೂಲಕ ಇಸಿಜಿ ಕಳಿಸಬೇಕು. ಆ ಕಡೆಯಿಂದ 'ಸರಿ, ಶುರು ಮಾಡಿ' ಅಂದ ಮೇಲೇ ವ್ಯಾಯಾಮ. ಇಸಿಜಿ ನಮ್ಮ ಹೆಚ್ಚಿನ ಮನೆಗಳಲ್ಲಿ ಕಷ್ಟದ ಮಾತು. ಉಳಿದ ಪ್ರಶ್ನೆಗಳನ್ನು ನಾನು ಹಾಗೇ ಇಟ್ಟುಕೊಂಡಿದ್ದೇನೆ. ದಿನಾ ಬೆಳಗ್ಗೆ ಮೂತ್ರ ಮಾಡಿ ಬಂದ ಮೇಲೆ, ತಿಂಡಿಗೆ ಮುಂಚೆ, ತೂಕದ ಫೋಟೋ ವಾಟ್ಸಾಪ್‌ಗೆ ಬರಬೇಕು. ಮೂರು ದಿನದಲ್ಲಿ 2 ಕೆ.ಜಿ. ಏರಿದರೆ ಅದು ಮೈಗೆ ಹತ್ತಿದ ಊಟ ಅಲ್ಲ, ನೀರು ತುಂಬುತ್ತಿದೆ ಅಂತ. ಅವತ್ತು ವ್ಯಾಯಾಮ ಇಲ್ಲ, ಡಾಕ್ಟರಿಗೆ ಫೋನ್. ಕಾಲು ಬಾವು ಹೆಚ್ಚಾದರೆ, ಮಲಗಿದಾಗ ಉಸಿರು ಕಟ್ಟಿದರೆ, ತಲೆ ತಿರುಗಿದರೆ ಅವತ್ತೂ ಅಷ್ಟೇ. ಎದೆನೋವು ಬಂದರೆ, ಸುಮ್ನೆ ಕೂತಾಗಲೇ ದಮ್ಮು ಕಟ್ಟಿದರೆ, ಪ್ರಜ್ಞೆ ತಪ್ಪಿದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.

ಇನ್ನು ಯಾವ ವ್ಯಾಯಾಮ? ಸುಮಾರು ಜನ ಮೊದಲ ದಿನವೇ ವಾಕಿಂಗ್ ಮಾಡಿಸೋಕೆ ನೋಡುತ್ತಾರೆ. ಅಮ್ಮನ ಕಷ್ಟ ಬರೀ ಹೃದಯದ್ದಲ್ಲ, ಕಾಲುಗಳದ್ದೂ ಹೌದು. 2007ರ ಒಂದು ಅಧ್ಯಯನದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನೇ 10 ದಿನ ಹಾಸಿಗೆಯಲ್ಲಿ ಇರಿಸಿದಾಗ ಅವರ ಕಾಲುಗಳಿಂದ ಸುಮಾರು 1 ಕೆ.ಜಿ. ಮಾಂಸಖಂಡ ಇಳಿದುಹೋಗಿತ್ತು. ಆಸ್ಪತ್ರೆಯಲ್ಲಿ ಮಲಗಿ ಬಂದವರ ಗತಿ ಏನಾಗಿರಬೇಕು, ಯೋಚಿಸಿ. ಅದಕ್ಕೇ ನಾನು ಕುರ್ಚಿಯಿಂದ ಶುರು ಮಾಡುತ್ತೇನೆ. ಕೈ ಇರುವ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಎದ್ದು ನಿಲ್ಲುವುದು, ನಿಧಾನವಾಗಿ ಕೂರುವುದು. ಮೂರು ಸಲ ಆದರೆ ಮೂರೇ ಸಲ. ಆಮೇಲೆ ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಪಾದ ಹತ್ತಿರ ಇಟ್ಟುಕೊಂಡು ತೂಗಾಡದೆ ನಿಲ್ಲುವುದು. ನಡಿಗೆ ಒಂದು ನಿಮಿಷ, ಕೂತು ವಿಶ್ರಾಂತಿ, ಮತ್ತೆ ಒಂದು ನಿಮಿಷ.

ಅಮೆರಿಕದಲ್ಲಿ 349 ಹಿರಿಯ ರೋಗಿಗಳ ಮೇಲೆ ನಡೆದ ರಿಹ್ಯಾಬ್ ಎಚ್‌ಎಫ್ ಅಧ್ಯಯನದಲ್ಲೂ (2021) ಬಲ, ಸಮತೋಲನ, ಓಡಾಟ, ತಾಳಿಕೆ ನಾಲ್ಕನ್ನೂ ಸೇರಿಸಿಯೇ ಮಾಡಿಸಿದ್ದರು. ಅವರಲ್ಲಿ ಬಹುಪಾಲು ಜನ ನಿಮ್ಮ ಅಮ್ಮನ ಹಾಗೆ ಸೊರಗಿದವರೇ. ಮೂರು ತಿಂಗಳಿಗೆ ದೇಹದ ಶಕ್ತಿಯ ಪರೀಕ್ಷೆಯಲ್ಲಿ 12ಕ್ಕೆ 8.3 ಅಂಕ ಬಂತು, ಮಾಮೂಲಿ ಆರೈಕೆ ಪಡೆದವರಿಗೆ 6.9. ಆದರೆ ಮತ್ತೆ ಆಸ್ಪತ್ರೆ ಸೇರುವುದು ಅದರಿಂದ ಕಡಿಮೆಯಾಗಲಿಲ್ಲ. ಇದನ್ನು ಮುಚ್ಚಿಡದೆ ಹೇಳುತ್ತಿದ್ದೇನೆ, ಏಕೆಂದರೆ 'ಇಷ್ಟು ಮಾಡಿಸಿದೆವಲ್ಲ, ಮತ್ತೆ ಅಡ್ಮಿಟ್ ಆಯ್ತಲ್ಲ' ಅಂತ ಮನೆಯವರು ಕುಗ್ಗಿಹೋಗುವುದನ್ನು ಕಂಡಿದ್ದೇನೆ. ಆ ಅಧ್ಯಯನದ ವ್ಯಾಯಾಮ ಹೆಚ್ಚಾಗಿ ಕೇಂದ್ರದಲ್ಲೇ ನಡೆದದ್ದು. ಬ್ರಿಟನ್ನಿನ ರೀಚ್ ಎಚ್‌ಎಫ್ ಅನ್ನುವ ಇನ್ನೊಂದು ಅಧ್ಯಯನದಲ್ಲಿ 216 ರೋಗಿಗಳು ಇದ್ದರು. ಅಲ್ಲಿ ಮನೆಯಲ್ಲೇ ಕುರ್ಚಿ ವ್ಯಾಯಾಮ ಅಥವಾ ನಡಿಗೆ ಮಾಡಿಸಿದ ಗುಂಪು ವರ್ಷ ಕಳೆದ ಮೇಲೂ ದಿನದ ಬದುಕಿನಲ್ಲಿ ಹೆಚ್ಚು ಚೆನ್ನಾಗಿತ್ತು. ತರಬೇತಾದ ನರ್ಸ್ ಅಥವಾ ಫಿಸಿಯೋ ಅವರ ಜೊತೆಗಿದ್ದರು, ಇದು ಮುಖ್ಯ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಮೊದಮೊದಲು ವಿಡಿಯೋದಲ್ಲಿ ಮುಖ ಕಂಡರೆ ಸಾಕು ಅಂದುಕೊಂಡಿದ್ದೆ. ಒಬ್ಬ ಅಜ್ಜಿ ಏಳುವಾಗ ಕಾಲಡಿಯ ಚಾಪೆ ಜಾರಿತು. ಪುಣ್ಯಕ್ಕೆ ಕುರ್ಚಿಯ ಮೇಲೇ ಕುಸಿದರು. ಆ ಚಾಪೆ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಅವತ್ತಿನಿಂದ ಫೋನ್ ಪಕ್ಕದಲ್ಲಿ, ತಲೆಯಿಂದ ಪಾದದವರೆಗೆ ಕಾಣುವ ಹಾಗೆ ಇಡಿಸುತ್ತೇನೆ. ಸೀರೆ ನೆರಿಗೆ ಮೇಲಕ್ಕಿರಲಿ. ನಡೆಯುವ ದಾರಿಯಲ್ಲಿ ಹೊಸ್ತಿಲು ಬೇಡ. ಪಕ್ಕದಲ್ಲಿ ಒಬ್ಬರು ನಿಂತಿರಲೇಬೇಕು. ಯೂರಿನ್ ಮಾತ್ರೆ ತಗೊಂಡ ಮೊದಲ ಎರಡು ಗಂಟೆ ವ್ಯಾಯಾಮಕ್ಕೆ ಇಟ್ಟುಕೊಳ್ಳಬೇಡಿ, ಅವಸರದಲ್ಲಿ ಬಚ್ಚಲಿಗೆ ಓಡುವಾಗಲೇ ಬೀಳುವುದು ಜಾಸ್ತಿ.

ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ ವ್ಯಾಯಾಮ ಶುರು ಮಾಡಬಹುದಾ ಅಂತ ಮೊದಲು ಕೇಳಿ. ಬಿಪಿ ಎಷ್ಟಕ್ಕಿಂತ ಇಳಿದರೆ ನಿಲ್ಲಿಸಬೇಕು, ತೂಕ ಎಷ್ಟು ಏರಿದರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದನ್ನು ಡಿಸ್ಚಾರ್ಜ್ ಚೀಟಿಯ ಹಿಂದೆ ಬರೆಸಿಕೊಳ್ಳಿ. ನಿಮ್ಮ ಊರಿನ ಹತ್ತಿರದ ಒಬ್ಬ ಫಿಸಿಯೋ ಮೊದಲ ದಿನ ಮನೆಗೇ ಬಂದು ಅಮ್ಮನನ್ನು ನೋಡಲಿ. ವಿಡಿಯೋ ಕಾಲ್ ಆಮೇಲೆ.